ಒಲೆ ಬಾಗಿಲ ಪಕ್ಕ, ಹಾಸಿಗೆ ಹಿಂದೆ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ಯೂನಿಯನ್ ಪೆಸಿಫಿಕ್ ರೈಲು ಹಾದುಹೋಗುವ ರಾಲಿನ್ಸ್ ಎಂಬ ಊರಿನಲ್ಲಿ ಜೇಮ್ಸ್ ಕ್ಯಾಂಡ್ಲಿಷ್ ಎಂಬ ಕಮ್ಮಾರನಿದ್ದ. 1884ರ ಸುಮಾರಿಗೆ ಅವನು ಕುರಿಗಾಹಿಗಳಿಗೆಂದು ಒಂದು ಬಂಡಿ ಕಟ್ಟಿಕೊಟ್ಟ ಎಂಬುದು ಆ ಸೀಮೆಯಲ್ಲಿ ನಡೆದುಬಂದ ಮಾತು. ಊರು ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರ್ ಎತ್ತರದಲ್ಲಿ. ಅದರಾಚೆ ರೆಡ್ ಡೆಸರ್ಟ್ ಎಂಬ ಬಯಲು. ಮರವಿಲ್ಲ, ಮರೆಯಿಲ್ಲ, ಮೊಣಕಾಲೆತ್ತರದ ಸೇಜ್‌ಬ್ರಷ್ ಕುರುಚಲು, ಬಿಡದೆ ಬೀಸುವ ಗಾಳಿ. ಆ ಗಾಳಿ ಹಿಮವನ್ನು ಗುಡಿಸಿಕೊಂಡು ಹೋಗುವುದರಿಂದ ನೆಲದ ಮೇವು ಕಣ್ಣಿಗೆ ಬೀಳುತ್ತದೆ. ಅದಕ್ಕೇ ಚಳಿಗಾಲಕ್ಕೆ ಮಂದೆಗಳನ್ನು ಅಲ್ಲಿಗೆ ಹೊಡೆಯುತ್ತಿದ್ದರು. ಕುರಿಗೆ ಮೈಮೇಲೆ ಉಣ್ಣೆ ಇತ್ತು. ಕುರಿಗಾಹಿಗೆ ಇದ್ದದ್ದು ಒಂದು ಗುಡಾರ.

ಕ್ಯಾಂಡ್ಲಿಷ್ ಹಳೆಯ ಬಂಡಿಯೊಂದರ ಮೇಲೆ ಮರದ ಕಮಾನು ನಿಲ್ಲಿಸಿ ಕ್ಯಾನ್ವಾಸ್ ಹೊದಿಸಿದ. ಅಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಅವನ ಕೈಚಳಕ ಇದ್ದದ್ದು ಒಳಗಿನ ಅಂಕಣದಲ್ಲಿ. ಅವನಿಂದಲೋ, ಅವನ ಹಿಂದೆ ಬಂದ ಇನ್ನೂ ಹತ್ತಾರು ಕಮ್ಮಾರರು, ಬಡಗಿಗಳಿಂದಲೋ ಆ ಅಂಕಣ ಹತ್ತಿಪ್ಪತ್ತು ವರ್ಷಗಳಲ್ಲಿ ಒಂದು ಕಟ್ಟಿಗೆ ಬಂದು ನಿಂತಿತು. ಮುಂದೆ ಬಾಗಿಲು. ಒಳಗೆ ಕಾಲಿಟ್ಟರೆ ಪಕ್ಕದಲ್ಲೇ ಕಬ್ಬಿಣದ ಒಲೆ, ಅದರ ಹೊಗೆಕೊಳವೆ ನೆಟ್ಟಗೆ ಮಾಡಿನಿಂದ ಹೊರಕ್ಕೆ. ಎರಡೂ ಕಡೆ ಚಕ್ರಗಳ ಮೇಲೆ ಚಾಚಿದ ಉದ್ದನೆಯ ಕಟ್ಟೆ, ಅದರೊಳಗೆ ಬೇಳೆ, ಹಿಟ್ಟು, ಉಪ್ಪು. ಹಿಂದಿನ ಕೊನೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಸೊಂಟದೆತ್ತರದ ಹಾಸಿಗೆ, ಅದರ ಮೇಲೆ ಒಂದು ಪುಟ್ಟ ಕಿಟಕಿ. ಹಾಸಿಗೆಯ ಕೆಳಗಿನಿಂದ ಎಳೆದರೆ ಜಾರಿಬರುವ ಊಟದ ಹಲಗೆ.

ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯಲ್ಲಿ. ಕಂಬಳಿ ನೇಯುವವರ ಕೇರಿಯ ಪಕ್ಕದ ಬೀದಿ ನಮ್ಮದು. ಈಗ ಕೊಲರಾಡೊದಲ್ಲಿ ಕಟ್ಟಡಗಳಿಗೆ ಹೀಟಿಂಗ್ ವ್ಯವಸ್ಥೆ ಲೆಕ್ಕ ಹಾಕಿಕೊಡುವುದು ನನ್ನ ಉದ್ಯೋಗ. ನಮ್ಮನೆಯವರಿಗೆ ಪಿಕಪ್ ಟ್ರಕ್ಕಿನ ಬೆನ್ನಿಗೆ ಕೂರಿಸುವ ಕ್ಯಾಂಪರ್ ಹುಚ್ಚು. ಬೇಸಿಗೆಯಲ್ಲಿ ಯಾರು ಬೇಕಾದರೂ ಹೋಗುತ್ತಾರೆ, ಹಿಮ ಬಿದ್ದ ಮೇಲೆ ಹೋಗಬೇಕು ಎನ್ನುವ ಜಾತಿ. ಹೀಗಾಗಿ ನಮ್ಮ ಕ್ಯಾಂಪರನ್ನು ಚಳಿಗೆ ಸಜ್ಜು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ವಯೋಮಿಂಗಿನ ಒಂದು ಸಣ್ಣ ಊರಿನ ಮ್ಯೂಸಿಯಂನಲ್ಲಿ ಕುರಿಬಂಡಿಯೊಂದನ್ನು ಹತ್ತಿ ನೋಡಿದ ಮೇಲೆ ಈ ಕೆಲಸದ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತ ಹೋಯಿತು. ಚಳಿಯಲ್ಲಿ ಗಾಲಿಯ ಮನೆಯನ್ನು ಬೆಚ್ಚಗಿಡುವುದು ಯಾವ ಕಾಲಕ್ಕೂ ಅಂಥ ಕಷ್ಟವಾಗಿರಲಿಲ್ಲ. ಒಣಗಿಸಿಡುವುದು ಕಷ್ಟ. ಕುರಿಗಾಹಿಗಳ ಬಂಡಿಯಲ್ಲಿ ಅದಕ್ಕೊಂದು ಉಪಾಯವಿತ್ತು, ನಡುವೆ ಐವತ್ತು ಅರವತ್ತು ವರ್ಷ ಜನ ಅದನ್ನು ಮರೆತರು, ಆಮೇಲೆ ದುಬಾರಿ ಬೆಲೆ ಕೊಟ್ಟು ಮತ್ತೆ ಕೊಂಡುಕೊಂಡರು.

ಮ್ಯೂಸಿಯಂನ ಆ ಬಂಡಿಯ ಬಾಗಿಲು ಅಡ್ಡಕ್ಕೆ ಎರಡು ಹೋಳು. ಕೆಳಗಿನದನ್ನು ಮುಚ್ಚಿ ಮೇಲಿನದನ್ನು ಮಾತ್ರ ತೆರೆಯಬಹುದು. ಬಂಡಿ ಸಾಗುವಾಗ ಬಂಡಿಯವನು ಒಳಗೆ ನಿಂತು ಈ ತೆರಪಿನಿಂದಲೇ ಲಗಾಮು ಹಿಡಿದು ಕುದುರೆ ಹೊಡೆಯುತ್ತಿದ್ದ, ಬೆನ್ನಿಗೆ ಒಲೆಯ ಕಾವು. ನಿಂತಾಗ ಹೊಸ ಗಾಳಿ ಬರುವುದೂ ಅಲ್ಲಿಂದಲೇ. ಒಲೆ ಬಾಗಿಲ ಬಳಿಯೇ ಏಕೆ ಎಂದರೆ ಸೌದೆ ತರುವುದು, ಬೂದಿ ಚೆಲ್ಲುವುದು ಎರಡೂ ಹಾಸಿಗೆಯತ್ತ ಸುಳಿಯದೆ ಮುಗಿಯುತ್ತವೆ. ಬಾಗಿಲ ಸಂದಿಯಿಂದ ನುಗ್ಗುವ ಚಳಿಗಾಳಿ ಮೊದಲು ಬೆಂಕಿಯನ್ನು ಹಾದೇ ಒಳಗೆ ಬರಬೇಕು. ಕಾದ ಗಾಳಿ ಮೇಲೇರಿ ಕಮಾನಿನ ಕೆಳಗೆ ಹಿಂದಕ್ಕೆ ಸರಿಯುತ್ತದೆ. ಎತ್ತರದ ಹಾಸಿಗೆ ಇರುವುದು ಅಲ್ಲಿಯೇ. ಮಾಡಿನ ಕ್ಯಾನ್ವಾಸ್ ಒಂದೇ ಪದರದ್ದಲ್ಲ. ಎರಡು ಪದರ, ಅನುಕೂಲವಿದ್ದವರು ನಡುವೆ ಒಂದು ಉಣ್ಣೆಯ ಬ್ಲಾಂಕೆಟ್ ಸೇರಿಸುತ್ತಿದ್ದರು.

ಈಗ ತೇವದ ಮಾತು. ಮೈನಸ್ 20 ಡಿಗ್ರಿಯ ಒಂದು ಘನಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 1 ಗ್ರಾಂ ನೀರಾವಿ ಹಿಡಿದುಕೊಂಡೀತು. 20 ಡಿಗ್ರಿಗೆ ಕಾಯಿಸಿದರೆ ಅದೇ ಗಾಳಿ 17 ಗ್ರಾಂ ಹಿಡಿಯಬಲ್ಲದು. ಹೊರಗಿನ ಚಳಿಗಾಳಿಯಷ್ಟು ಒಣದು ಇನ್ನೊಂದಿಲ್ಲ ಎಂದ ಹಾಗಾಯಿತು. ಸೌದೆ ಒಲೆ ಉರಿಯುವಾಗ ಒಳಗಿನ ಗಾಳಿಯನ್ನು ಎಳೆದು ಕೊಳವೆಯಿಂದ ಆಚೆ ದಬ್ಬುತ್ತದೆ. ಮನುಷ್ಯನ ಉಸಿರಿನ ಆವಿ, ಸಾರು ಕುದಿಸಿದ ಆವಿ, ಒದ್ದೆ ಕಾಲುಚೀಲದ ಆವಿ ಎಲ್ಲ ಅದರ ಜೊತೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಸಂದಿಗಳಿಂದ ಒಣ ಗಾಳಿ ಬಂದು, ಕಾದು, ಇನ್ನಷ್ಟು ಆವಿಯನ್ನು ಹೀರಿಕೊಂಡು ಅದೇ ದಾರಿ ಹಿಡಿಯುತ್ತದೆ. ಅರ್ಧಕ್ಕರ್ಧ ಕಾವು ಮಾಡಿನಿಂದ ಹಾರಿಹೋಗುತ್ತದೆ ಎಂದು ನನ್ನ ಕಚೇರಿಯ ಹುಡುಗರು ಮೂಗು ಮುರಿದಾರು. ಆದರೆ ಕುರಿಗಾಹಿಯ ಹಾಸಿಗೆ ಒಣಗಿರುತ್ತಿತ್ತು.

ಹೊಗೆ ಹೋಗಲಿಕ್ಕೆ, ಗಾಳಿ ಬರಲಿಕ್ಕೆ ದಾರಿ ಬೇಕೆಂಬುದನ್ನು ಯೂರೋಪಿನ ಕುರಿಗಾಹಿಗಳೂ ಬಲ್ಲರು. ಇಂಗ್ಲೆಂಡಿನಲ್ಲಿ ಗಾಲಿಯ ಮೇಲಿನ ಕುರಿಗಾಹಿ ಗುಡಿಸಲು ಕ್ಯಾಂಡ್ಲಿಷ್‌ಗಿಂತ ಹಳೆಯದು. 1874ರಲ್ಲಿ ಬಂದ ಥಾಮಸ್ ಹಾರ್ಡಿಯ ‘ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್’ ಕಾದಂಬರಿಯಲ್ಲಿ ಗೇಬ್ರಿಯಲ್ ಓಕ್ ಇಂಥದ್ದೇ ಗುಡಿಸಲಿನಲ್ಲಿ ಒಲೆ ಉರಿಸಿ, ಗಾಳಿಕಿಂಡಿಗಳನ್ನು ಮುಚ್ಚಿ, ಕಣ್ಣು ಕೂರಿ ಮಲಗಿಬಿಡುತ್ತಾನೆ. ಬತ್‌ಶೀಬಾ ಬಂದು ಎಳೆದು ಹಾಕದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಓಕ್ ಪಾರಾದದ್ದು ಕಾದಂಬರಿಯಲ್ಲಿ. ಇಂದಿಗೂ ಪ್ರತಿ ಚಳಿಗಾಲ ಕಾರ್ಬನ್ ಮೊನಾಕ್ಸೈಡ್ ಮನೆಗಳಲ್ಲಿ, ಕ್ಯಾಂಪರುಗಳಲ್ಲಿ ಮಲಗಿದವರನ್ನು ಮಲಗಿದಲ್ಲೇ ಕೊಂದುಹಾಕುತ್ತದೆ.

1908–09ರ ಹೊತ್ತಿಗೆ ವಯೋಮಿಂಗ್‌ನಲ್ಲಿ ಅರವತ್ತು ಲಕ್ಷಕ್ಕೂ ಮಿಕ್ಕಿ ಕುರಿಗಳಿದ್ದವು. ಬಂಡಿ ಕಟ್ಟುವುದು ಒಂದು ಕಸುಬೇ ಆಗಿ, ಹಾರ್ಡ್‌ವೇರ್ ಅಂಗಡಿಗಳವರು ಮಾಡಿಸಿ ಮಾರತೊಡಗಿದರು. ಒಳಗೆ ಇರುತ್ತಿದ್ದವರು ಸ್ಕಾಟರು, ಮೆಕ್ಸಿಕನ್ನರು, ಸ್ಪೇನ್ ಮತ್ತು ಫ್ರಾನ್ಸಿನ ಗಡಿ ಬೆಟ್ಟಗಳಿಂದ ಬಂದ ಬಾಸ್ಕರು. ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಕ್ಯಾಂಪ್‌ಟೆಂಡರ್ ಎಂಬುವನು ದಿನಸಿ ತಂದು, ಬಂಡಿಯನ್ನು ಮುಂದಿನ ಮೇವಿನ ಜಾಗಕ್ಕೆ ಎಳೆದು ಹೋಗುತ್ತಿದ್ದ. ನೀರೆಂದರೆ ಹಿಮ ಕರಗಿಸಿದ್ದು. ಉರುವಲು ಸೇಜ್‌ಬ್ರಷ್, ಸಿಕ್ಕರೆ ಕಲ್ಲಿದ್ದಲು. ಈ ಕುರಿಬಂಡಿಗಳ ಬಗ್ಗೆ ನ್ಯಾನ್ಸಿ ವೈಡೆಲ್ ಎಂಬುವರು 2001ರಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ.

ಇನ್ನು ಮೋಟಾರಿಗೆ ಬರೋಣ. 1925ರಲ್ಲಿ ಫೋರ್ಡ್ ಕಂಪನಿ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಹಿಂಬದಿ ತೊಟ್ಟಿ ಕೂರಿಸಿ 281 ಡಾಲರಿಗೆ ಮಾರಿತು. ರೈತರಿಗೆಂದು ಮಾಡಿದ ಈ ಪಿಕಪ್ಪಿನ ತೊಟ್ಟಿಯಲ್ಲಿ ಜನ ಹಲಗೆಯ ಗೂಡು ಕಟ್ಟಿಕೊಂಡು ಬೇಟೆಗೆ, ಮೀನಿಗೆ ಹೊರಟರು. ಎರಡನೇ ಮಹಾಯುದ್ಧದ ನಂತರ ಇದೂ ಒಂದು ಉದ್ಯಮವಾಯಿತು. ಬೇಕಾದಾಗ ತೊಟ್ಟಿಯಲ್ಲಿ ಕೂರಿಸಿ, ಬೇಡವಾದಾಗ ಜಾಕ್ ಮೇಲೆ ಇಳಿಸಿಡುವ ಪೆಟ್ಟಿಗೆ. ಬಾಗಿಲು ಹಿಂದೆ, ಒಲೆ ಬಾಗಿಲ ಹತ್ತಿರ, ಹಾಸಿಗೆ ಡ್ರೈವರನ ತಲೆಯ ಮೇಲೆ ಚಾಚಿಕೊಂಡ ಅಟ್ಟದಲ್ಲಿ. ಕುರಿಬಂಡಿಯನ್ನು ಹಿಂದುಮುಂದಾಗಿ ಟ್ರಕ್ಕಿಗೆ ಏರಿಸಿದರೆ ಸಿಗುವುದು ಇದೇ. ನೋಡಿ ಕಲಿತರೋ, ಇಕ್ಕಟ್ಟಿನ ಜಾಗವೇ ಕಲಿಸಿತೋ, ಬಾಗಿಲಿಗೆ ದೂರ, ನೆಲಕ್ಕೆ ಎತ್ತರ ಎಂಬ ಹಾಸಿಗೆಯ ಲೆಕ್ಕ ಎರಡರಲ್ಲೂ ಒಂದೇ.

ಈ ಪೆಟ್ಟಿಗೆಗಳನ್ನು ನಿಜವಾದ ಚಳಿಗೆ ತಂದು ನಿಲ್ಲಿಸಿದ್ದು ಅಲಾಸ್ಕಾ ಹೆದ್ದಾರಿ. ಜಪಾನಿನ ಭಯದಲ್ಲಿ ಅಮೆರಿಕದ ಸೇನೆ 1942ರ ಮಾರ್ಚ್‌ನಿಂದ ಅಕ್ಟೋಬರ್ ಕೊನೆಯೊಳಗೆ ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ತನಕ ಕಾಡು, ಜವುಗು, ಹೆಪ್ಪುನೆಲ ಎನ್ನದೆ ದಾರಿ ಕಡಿಯಿತು. 1948ರಲ್ಲಿ ಅದು ಸಾಮಾನ್ಯ ಜನರಿಗೆ ತೆರೆಯಿತು. ಮರುವರ್ಷವೇ ಮೈಲಿ ಮೈಲಿಗೂ ಎಲ್ಲಿ ಪೆಟ್ರೋಲು, ಎಲ್ಲಿ ಊಟ ಎಂದು ಹೇಳುವ ‘ದ ಮೈಲ್‌ಪೋಸ್ಟ್’ ಕೈಪಿಡಿ ಬಂತು. ದಾರಿ ಎಂಥ ಸೀಮೆಯದು ಎನ್ನುವುದಕ್ಕೆ ಒಂದೇ ಅಂಕಿ ಸಾಕು. ಹೆದ್ದಾರಿಗೆ ದೂರವೇನಲ್ಲದ ಸ್ನ್ಯಾಗ್ ಎಂಬ ವಿಮಾನನೆಲೆಯಲ್ಲಿ 1947ರ ಫೆಬ್ರುವರಿ 3ರಂದು ದಾಖಲಾದ ಚಳಿ ಮೈನಸ್ 63 ಡಿಗ್ರಿ.

ಆ ಚಳಿಯಲ್ಲಿ ಮೊದಲು ಸೋಲುವುದು ಎಂಜಿನ್. ಎಣ್ಣೆ ಗಟ್ಟಿಯಾಗಿ ಸ್ಟಾರ್ಟರ್ ತಿರುಗುವುದಿಲ್ಲ. ಹಿಂದೆಲ್ಲ ರಾತ್ರಿ ಎಂಜಿನ್ ಆಯಿಲನ್ನು ಬಸಿದು ಮನೆಯೊಳಗೆ ಬೆಚ್ಚಗಿಟ್ಟು, ಬೆಳಗ್ಗೆ ಮತ್ತೆ ಸುರಿಯುತ್ತಿದ್ದರು. ನಾರ್ತ್ ಡಕೋಟದ ಆಂಡ್ರ್ಯೂ ಫ್ರೀಮನ್ ಎಂಬುವರು ಎಂಜಿನ್ನಿನ ಒಂದು ಬೋಲ್ಟಿನ ಜಾಗದಲ್ಲಿ ಕೂರುವ ಕರೆಂಟಿನ ಹೀಟರ್ ಮಾಡಿ 1949ರಲ್ಲಿ ಪೇಟೆಂಟ್ ಪಡೆದರು. ಇವತ್ತು ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ನಲ್ಲಿ ಕಚೇರಿ, ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ಸಾಲಾಗಿ ಪ್ಲಗ್ಗುಗಳಿರುತ್ತವೆ. ಕಾರುಗಳ ಮೂತಿಯಿಂದ ವೈರು ನೇತಾಡುವುದು ಅಲ್ಲಿ ಯಾರಿಗೂ ವಿಶೇಷವಲ್ಲ. 1950ರ ದಶಕದಲ್ಲಿ ಆರ್. ಡಿ. ಹಾಲ್ ಎಂಬುವರು ಈ ಉತ್ತರದ ದಾರಿಯ ಹೆಸರಲ್ಲೇ ‘ಅಲಾಸ್ಕನ್ ಕ್ಯಾಂಪರ್’ ತಂದರು. ಓಡುವಾಗ ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಇಳಿದು ಕೂರುತ್ತದೆ, ನಿಂತಾಗ ಹೈಡ್ರಾಲಿಕ್ ಬಲದಿಂದ ಏರುತ್ತದೆ. ಬಟ್ಟೆಯೇ ಇಲ್ಲದ ಗಟ್ಟಿ ಗೋಡೆ.

ಗೋಡೆ ಬದಲಾದ ಹಾಗೆಯೇ ಉರುವಲೂ ಬದಲಾಯಿತು. ನಮ್ಮ ಕಥೆ ಹಳಿ ತಪ್ಪುವುದು ಇಲ್ಲಿ. 1910ರಲ್ಲಿ ಅಮೆರಿಕದ ಗಣಿ ಇಲಾಖೆಯ ರಸಾಯನಶಾಸ್ತ್ರಜ್ಞ ವಾಲ್ಟರ್ ಸ್ನೆಲಿಂಗ್, ಹೊಸ ಪೆಟ್ರೋಲು ಡಬ್ಬಿಯಲ್ಲೇ ಆವಿಯಾಗಿ ಹೋಗುತ್ತದೆಂಬ ದೂರಿನ ಬೆನ್ನು ಹತ್ತಿ, ಹಾರಿಹೋಗುವ ಆ ಅನಿಲಗಳಲ್ಲಿ ಪ್ರೊಪೇನ್, ಬ್ಯೂಟೇನ್ ಇರುವುದನ್ನು ಬೇರ್ಪಡಿಸಿ ತೋರಿಸಿದರು. ಒತ್ತಡದಲ್ಲಿ ದ್ರವವಾಗುವ ಈ ಅನಿಲ ಸಿಲಿಂಡರಿನಲ್ಲಿ ಹಳ್ಳಿ ಮನೆಗಳಿಗೂ, ಗಾಲಿಯ ಮನೆಗಳಿಗೂ ಬಂತು. ಸೌದೆ ಬೇಡ, ಬೂದಿ ಇಲ್ಲ, ಮಸಿ ಇಲ್ಲ, ಹೊಗೆಯೂ ಕಾಣುವುದಿಲ್ಲ. ಹೊಗೆ ಕಾಣದ ಮೇಲೆ ಹೊಗೆಕೊಳವೆ ಯಾಕೆ ಎಂದು ಜನಕ್ಕೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ಕಾಲದ ಕ್ಯಾಂಪರುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ಲೇಖಕ ಜಾನ್ ಸ್ಟೈನ್‌ಬೆಕ್‌ನದು. 1960ರ ಸೆಪ್ಟೆಂಬರಿನಲ್ಲಿ ಅವನು ಜಿಎಂಸಿ ಪಿಕಪ್ಪಿನ ಮೇಲೆ ಕೂರಿಸಿದ ಪೆಟ್ಟಿಗೆಯಲ್ಲಿ, ಚಾರ್ಲಿ ಎಂಬ ನಾಯಿಯ ಜೊತೆ ದೇಶ ಸುತ್ತಲು ಹೊರಟ. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಾದ ರೋಸಿನಾಂಟೆಯನ್ನೇ ಟ್ರಕ್ಕಿಗಿಟ್ಟ. 1962ರಲ್ಲಿ ಆ ಪ್ರವಾಸದ ಪುಸ್ತಕ ಬಂತು, ಗಾಡಿ ಈಗ ಕ್ಯಾಲಿಫೋರ್ನಿಯಾದ ಸಲೀನಸ್‌ನಲ್ಲಿ ಅವನ ಹೆಸರಿನ ಮ್ಯೂಸಿಯಂನಲ್ಲಿದೆ. ಒಲೆ, ಹೀಟರ್, ಫ್ರಿಜ್, ದೀಪ ಎಲ್ಲ ಬ್ಯೂಟೇನಿನಿಂದ ನಡೆಯುತ್ತಿದ್ದವೆಂದು ಅವನೇ ಬರೆದಿದ್ದಾನೆ. ನನ್ನಂಥವಳ ಕಣ್ಣು ನಿಲ್ಲುವುದು ಆ ಮಾತಿನ ಮೇಲೆ. ಬ್ಯೂಟೇನ್ ಆವಿಯಾಗಲು ಮೈನಸ್ ಅರ್ಧ ಡಿಗ್ರಿಗಿಂತ ಹೆಚ್ಚು ಬೆಚ್ಚಗಿರಬೇಕು. ಅದಕ್ಕಿಂತ ತಣ್ಣಗಾದರೆ ಸಿಲಿಂಡರ್ ತುಂಬಿದ್ದರೂ ಬರ್ನರಿಗೆ ಏನೂ ಬರುವುದಿಲ್ಲ. ಪ್ರೊಪೇನ್ ಮೈನಸ್ 42ರ ತನಕ ಆವಿಯಾಗುತ್ತದೆ. ನಮ್ಮ ಊರಿನ ಅಡುಗೆ ಸಿಲಿಂಡರಿನಲ್ಲಿ ಇವೆರಡೂ ಬೆರೆತಿರುತ್ತವೆ, ಆದರೆ ಅಂಥ ಚಳಿಯೇ ಇಲ್ಲದ್ದರಿಂದ ಚಳ್ಳಕೆರೆಯಲ್ಲಿ ಯಾರಿಗೂ ಈ ತಕರಾರು ಗೊತ್ತಿಲ್ಲ. ಲಡಾಖ್‌ನಲ್ಲಿ ಕೆಲಸ ಮಾಡಿ ಬಂದ ಕನ್ನಡದ ಸೈನಿಕರನ್ನು ಕೇಳಿದರೆ ಸಿಲಿಂಡರಿಗೆ ಬಿಸಿನೀರು ಹೊಯ್ದ ಕಥೆ ಹೇಳುತ್ತಾರೆ. ಉತ್ತರ ಅಮೆರಿಕದ ಕ್ಯಾಂಪರುಗಳು ಪ್ರೊಪೇನಿಗೇ ಅಂಟಿಕೊಂಡದ್ದಕ್ಕೆ ಚಳಿಯ ಈ ಲೆಕ್ಕವೂ ಒಂದು ಕಾರಣ. ಸ್ನ್ಯಾಗ್‌ನ ಆ ದಿನ ಮಾತ್ರ ಪ್ರೊಪೇನೂ ಕೈ ಕೊಡುತ್ತಿತ್ತು.

ಪ್ರೊಪೇನ್ ಆವಿಯಾಯಿತು, ಉರಿಯಿತು, ಆಮೇಲೆ? ರಸಾಯನಶಾಸ್ತ್ರದ ಲೆಕ್ಕ ಸರಳ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರು ಹುಟ್ಟುತ್ತದೆ. ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುವ 9 ಕಿಲೋ ಸಿಲಿಂಡರು ಮುಗಿಯುವಾಗ ಹದಿನಾಲ್ಕು ಲೀಟರಿಗೂ ಮಿಕ್ಕಿದ ನೀರು ಆವಿಯಾಗಿ ಹೊರಬಂದಿರುತ್ತದೆ. ಕೊಳವೆ ಇದ್ದರೆ ಅದು ಆಕಾಶಕ್ಕೆ. ಇಲ್ಲದಿದ್ದರೆ ಮಲಗುವ ಪೆಟ್ಟಿಗೆಯೊಳಕ್ಕೆ. 1960ರ ದಶಕದಲ್ಲಿ ಕ್ಯಾಂಪರುಗಳಿಗೆ ಭಾರಿ ಬೇಡಿಕೆ ಬಂದು, ಫೋರ್ಡಿನಂಥ ಕಂಪನಿಗಳು ‘ಕ್ಯಾಂಪರ್ ಸ್ಪೆಷಲ್’ ಎಂದೇ ಟ್ರಕ್ಕು ಮಾರಿದವು. ಆಗಿನ ಪೆಟ್ಟಿಗೆಗಳೆಂದರೆ ತೆಳು ಮರದ ಚೌಕಟ್ಟು, ಅದರೊಳಗೆ ಒಂದೆರಡು ಅಂಗುಲ ಫೈಬರ್‌ಗ್ಲಾಸ್ ಉಣ್ಣೆ, ಹೊರಗೆ ಅಲ್ಯೂಮಿನಿಯಂ ತಗಡು. ಒಳಗೆ ಬಿಸಿ ಬೇಕಾದವರು ಒಲೆಯ ಬರ್ನರುಗಳನ್ನೇ ಹಚ್ಚಿಡುತ್ತಿದ್ದರು, ಇಲ್ಲವೇ ಕೊಳವೆಯಿಲ್ಲದ ಸಣ್ಣ ಹೀಟರ್ ಇಟ್ಟುಕೊಳ್ಳುತ್ತಿದ್ದರು. ಕ್ಯಾನ್ವಾಸ್ ಉಸಿರಾಡುತ್ತಿತ್ತು. ತಗಡು ಉಸಿರಾಡುವುದಿಲ್ಲ.

ಅಂಥ ಪೆಟ್ಟಿಗೆಯಲ್ಲಿ ಬೆಳಗ್ಗೆ ಏನಾಗಿರುತ್ತದೆ ಎಂದು ನೋಡಬೇಕಾದರೆ ಟಾರ್ಚ್ ಹಿಡಿದು ಮಾಡನ್ನು ನೋಡಬೇಕು. ಪ್ಲೈವುಡ್ಡಿನಲ್ಲಿ ಸಾಲಾಗಿ ಕೂರಿಸಿದ ಸ್ಕ್ರೂಗಳ ತಲೆಯ ಮೇಲೆ ಒಂದೊಂದು ಬಿಳಿ ಚುಕ್ಕೆ. ಪ್ರತಿ ಸ್ಕ್ರೂವೂ ಹೊರಗಿನ ತಗಡಿಗೆ ತಾಗಿಕೊಂಡು ಚಳಿಯನ್ನು ನೇರವಾಗಿ ಒಳಕ್ಕೆ ತರುತ್ತದೆ, ತಣ್ಣನೆಯ ಲೋಟ ಬೆವರುವ ಹಾಗೆ ಬೆವರುತ್ತದೆ, ಬೆವರು ಅಲ್ಲೇ ಹೆಪ್ಪುಗಟ್ಟುತ್ತದೆ. ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿನ ಮೂಲೆಯಲ್ಲಿ ಬೆರಳು ದಪ್ಪ ಮಂಜುಗಡ್ಡೆ. ಕಾಫಿಗೆಂದು ಒಲೆ ಹಚ್ಚಿದ್ದೇ ತಡ ಚುಕ್ಕೆಗಳೆಲ್ಲ ಕರಗಿ ಟಪ್ ಟಪ್ ಎಂದು ಹೊದಿಕೆಯ ಮೇಲೆ. ಹಾಸಿಗೆಯನ್ನು ಎತ್ತಿದರೆ ಅಡಿಯ ಹಲಗೆ ಒದ್ದೆ, ನಾಲ್ಕು ದಿನ ಹಾಗೇ ಬಿಟ್ಟರೆ ಬೂಷ್ಟು. ಎರಡು ಮೂರು ಚಳಿಗಾಲ ಕಳೆಯುವಷ್ಟರಲ್ಲಿ ಒಳಗಿನ ಮರದ ಚೌಕಟ್ಟು ಕೊಳೆತು, ಹೊರಗೆ ತಗಡು ಮಾತ್ರ ಮಿರಿಮಿರಿ ಎನ್ನುವ ಹಳೆಯ ಕ್ಯಾಂಪರುಗಳು ಇಲ್ಲಿ ಹಿತ್ತಿಲುಗಳಲ್ಲಿ ಇನ್ನೂ ನಿಂತಿವೆ. ಮಳೆ ಸೋರಿ ಕೆಟ್ಟಿತು ಎಂದು ಮಾಲೀಕರು ಹೇಳುತ್ತಾರೆ. ಎಷ್ಟೋ ಸಲ ಕೆಟ್ಟದ್ದು ಒಳಗಿನ ನೀರಿನಿಂದ.

ಹೊಗೆಕೊಳವೆ ಮರಳಿ ಬಂದದ್ದು ಬೇರೆ ವೇಷದಲ್ಲಿ. ಗಾಡಿಯೊಳಗೆ ಇಂಧನ ಉರಿಸಿ ಹೊಗೆಯನ್ನು ಹೊರಗೆ ಬಿಡುವ ಹೀಟರುಗಳು ಮೋಟಾರು ಲೋಕಕ್ಕೆ ಹೊಸದಲ್ಲ. ಷಿಕಾಗೋದ ಸ್ಟೀವರ್ಟ್-ವಾರ್ನರ್ ಕಂಪನಿಯ ‘ಸೌತ್ ವಿಂಡ್’ ಎಂಬ ಪೆಟ್ರೋಲ್ ಹೀಟರ್ 1930ರ ದಶಕದಲ್ಲೇ ಕಾರುಗಳಿಗೆ ಬಂದಿತ್ತು. ಜರ್ಮನಿಯಲ್ಲಿ ವಿಲ್‌ಹೆಲ್ಮ್ ಬಾಯರ್ 1901ರಲ್ಲಿ ಶುರುಮಾಡಿದ ವೆಬಾಸ್ಟೊ ಕಂಪನಿಯೂ 1935ರ ಹೊತ್ತಿಗೆ ವಾಹನದ ಹೀಟರಿಗೆ ಕೈಹಾಕಿತ್ತು. ಕ್ಯಾಂಪರುಗಳಿಗೆ ಬಂದದ್ದು ಇವುಗಳ ಪ್ರೊಪೇನ್ ತಮ್ಮಂದಿರು, ಇಲ್ಲಿನವರು ಫರ್ನೇಸ್ ಎನ್ನುವ ಪೆಟ್ಟಿಗೆ. ಉರಿಯುವ ಕೋಣೆ ಪೂರ್ತಿ ಮುಚ್ಚಿದ್ದು. ಅದಕ್ಕೆ ಬೇಕಾದ ಗಾಳಿ ಹೊರಗಿನಿಂದ ಬರುತ್ತದೆ, ಹೊಗೆಯೂ ಆವಿಯೂ ಗೋಡೆಯಲ್ಲಿನ ತೂತಿನಿಂದ ಹೊರಕ್ಕೇ ಹೋಗುತ್ತವೆ. ಒಳಗಿನ ಗಾಳಿ ಆ ಬಿಸಿ ಕೋಣೆಯ ಹೊರಮೈಯನ್ನು ಮಾತ್ರ ಸವರಿ ಫ್ಯಾನಿನಿಂದ ಸುತ್ತಾಡುತ್ತದೆ. ಗದ್ದಲ ಜಾಸ್ತಿ, ಬ್ಯಾಟರಿ ತಿನ್ನುತ್ತದೆ. ಆದರೆ ಹಾಸಿಗೆ ಒಣಗಿರುತ್ತದೆ.

ಕಳೆದ ಹತ್ತು ಹದಿನೈದು ವರ್ಷಗಳು ಡೀಸೆಲ್ ಹೀಟರುಗಳ ಕಾಲ. ಲಾರಿ ಡ್ರೈವರುಗಳು ರಾತ್ರಿ ಎಂಜಿನ್ ಓಡಿಸಿಕೊಂಡೇ ಮಲಗುವುದನ್ನು ತಪ್ಪಿಸಲು ಬಂದದ್ದು ಕ್ಯಾಂಪರಿಗೂ ಇಳಿಯಿತು. ನಾವು ಹಾಕಿಸಿದ್ದು ಎರಡು ಕಿಲೋವ್ಯಾಟಿನದು. ಗಂಟೆಗೆ ಕಾಲು ಲೀಟರಿಗಿಂತ ಕಡಿಮೆ ಡೀಸೆಲ್ ಕುಡಿಯುತ್ತದೆ. ಟಿಕ್ ಟಿಕ್ ಎಂದು ಹನಿ ಹನಿ ಎಣ್ಣೆ ಉಣಿಸುವ ಪಂಪು ಹಾಸಿಗೆಯ ಕೆಳಗೆ ಬರದಂತೆ ನೋಡಿಕೊಂಡೆ, ಇಲ್ಲದಿದ್ದರೆ ರಾತ್ರಿಯೆಲ್ಲ ಗಡಿಯಾರ ಕೇಳಿದ ಹಾಗೆ. ಅದರ ಹೊಗೆಕೊಳವೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪ, ನೆಲದ ಕೆಳಗೆ ಹಾದು ಪಕ್ಕಕ್ಕೆ ಬಾಯಿ ಬಿಡುತ್ತದೆ. ಹಿಮದಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಸಲಿಕೆ ಹಿಡಿದು ಆ ಬಾಯಿಯ ಸುತ್ತ ಕೆರೆಯುವುದು ನಮ್ಮನೆಯವರ ಪಾಲಿನ ಕೆಲಸ. ಕೊಲರಾಡೊದ ಮೂರು ಸಾವಿರ ಮೀಟರ್ ಎತ್ತರದ ಕಣಿವೆಗಳಲ್ಲಿ ಗಾಳಿ ತೆಳುವಾಗಿರುವುದರಿಂದ ಎಣ್ಣೆಯ ಹನಿಯನ್ನೂ ಕಡಿಮೆ ಮಾಡಬೇಕು, ಇಲ್ಲವಾದರೆ ಒಳಗೆ ಮಸಿ ಕಟ್ಟಿ ಹೀಟರ್ ಮುಷ್ಕರ ಹೂಡುತ್ತದೆ.

ಗೋಡೆಯ ಕಥೆಯೂ ಹೀಗೇ ಸುತ್ತಿ ಬಂದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಒಕನಾಗನ್ ಎಂಬ ಸೇಬಿನ ಕಣಿವೆ. ಅಲ್ಲಿಯ ಆರ್ಮ್‌ಸ್ಟ್ರಾಂಗ್ ಊರಿನ ಬಿಗ್‌ಫುಟ್, ಕೆಲೋನಾದ ನಾರ್ದರ್ನ್ ಲೈಟ್ ಕಂಪನಿಗಳು ಫೈಬರ್‌ಗ್ಲಾಸಿನ ಎರಡು ದೊಡ್ಡ ಚಿಪ್ಪು ಎರಕ ಹೊಯ್ದು, ನಡುಮಧ್ಯೆ ಒಂದನ್ನೊಂದು ಕೂಡಿಸುತ್ತವೆ. ಮಾಡಿನಲ್ಲಿ ಸಂದಿಗಳೇ ಕಡಿಮೆ, ಚಿಪ್ಪಿನ ಒಳಮೈಗೆ ಗಟ್ಟಿ ಫೋಮ್ ಹಲಗೆ. ಚಳಿಯನ್ನು ಒಳಕ್ಕೆ ಸಾಗಿಸುವ ಲೋಹ ಕಡಿಮೆಯಾದಷ್ಟೂ ಬಿಳಿ ಚುಕ್ಕೆಗಳೂ ಕಡಿಮೆ. ಇನ್ನೊಂದು ಕಡೆ 1972ರಲ್ಲಿ ಶುರುವಾದ ಫೋರ್ ವ್ಹೀಲ್ ಕ್ಯಾಂಪರ್ಸ್‌ನಂಥ ಕಂಪನಿಗಳು ಮೇಲಕ್ಕೆತ್ತುವ ಮಾಡಿನ ಹಗುರ ಕ್ಯಾಂಪರ್ ಮಾಡುತ್ತವೆ, ಪಕ್ಕಗಳಿಗೆ ಬಟ್ಟೆ. ಚಳಿಗೆ ಹೋಗುವವರಿಗೆ ಆ ಬಟ್ಟೆಯ ಒಳಗೆ ಸಿಕ್ಕಿಸುವ ಎರಡನೆಯ ಪದರವನ್ನು ಬೇರೆ ದುಡ್ಡಿಗೆ ಕೊಡುತ್ತಾರೆ. ಕುರಿಬಂಡಿಯ ಎರಡು ಪದರದ ಕ್ಯಾನ್ವಾಸನ್ನು ಮೀರಿಸಿದ್ದು ಇದರಲ್ಲಿ ಏನೂ ಇಲ್ಲ, ಬೆಲೆಯೊಂದನ್ನು ಬಿಟ್ಟು.

ಕುಡಿಯುವ ನೀರಿನಲ್ಲಂತೂ ಅನುಭವಸ್ಥರು ನೇರವಾಗಿ ಕುರಿಗಾಹಿಯ ಪದ್ಧತಿಗೇ ಮರಳಿದ್ದಾರೆ. ನೀರು ಹೆಪ್ಪುಗಟ್ಟಿದರೆ ಶೇಕಡ 9ರಷ್ಟು ಹಿಗ್ಗುತ್ತದೆ, ನಲ್ಲಿ, ಪಂಪು, ಪೈಪಿನ ಮೂಲೆಗಳು ಸೀಳುತ್ತವೆ. ದೊಡ್ಡ ಕ್ಯಾಂಪರುಗಳಲ್ಲಿ ಟ್ಯಾಂಕನ್ನು ನೆಲದ ಒಳಭಾಗದಲ್ಲಿಟ್ಟು ಫರ್ನೇಸಿನ ಒಂದು ಕವಲನ್ನು ಅಲ್ಲಿಗೂ ಬಿಡುತ್ತಾರೆ. ಸಣ್ಣವುಗಳಲ್ಲಿ ಅದೆಲ್ಲ ಆಗದ ಮಾತು. ದೀಪಾವಳಿ ಕಳೆಯುತ್ತಿದ್ದ ಹಾಗೆ ನಮ್ಮ ಪೈಪುಗಳನ್ನು ಪೂರ್ತಿ ಬಸಿದುಬಿಡುತ್ತೇವೆ. ಕುಡಿಯುವ ನೀರು ಕ್ಯಾನುಗಳಲ್ಲಿ ಹೀಟರಿನ ಬಾಯಿ ಎದುರಿಗೆ, ತೊಳೆಯಲಿಕ್ಕೆ ಹಿಮ. ಬ್ಯಾಟರಿಗೂ ಒಳಗೇ ಜಾಗ. ಈಗಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಪದರ ಕಟ್ಟಿ ಹಾಳಾಗುತ್ತದೆ.

ಹಾಸಿಗೆಯ ಅಡಿಗೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಗಾಳಿಯಾಡಲು ಎರಡು ಅಂಗುಲ ಬಿಟ್ಟಿದ್ದೇನೆ. ಹಾಸಿಗೆಯ ಮೇಲೆ ಊರಿನ ಕಂಬಳಿ. ನಮ್ಮ ಕಡೆ ಕುರಿಯ ಕರಿ ಉಣ್ಣೆ ನೂತು, ಹುಣಸೆ ಬೀಜದ ಸರಿ ಹಚ್ಚಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಕೇಳಿ ತರಿಸಿಕೊಂಡಾಗ ದೊಡ್ಡಪ್ಪ ಫೋನಿನಲ್ಲಿ ನಕ್ಕರು. “ಅಲ್ಲವ್ವಾ, ಅಮೆರಿಕದಾಗೆ ಕಂಬಳಿ ಸಿಗಂಗಿಲ್ಲೇನು? ಚುಚ್ಚತೈತೆ ಅಂತ ಸಣ್ಣಾಕಿದ್ದಾಗ ಒದ್ದು ಎಸೀತಿದ್ದಿ.” ಚುಚ್ಚುವುದು ನಿಜ. ಆದರೆ ಉಣ್ಣೆ ತನ್ನ ತೂಕದ ಶೇಕಡ 30ರಷ್ಟು ತೇವವನ್ನು ಎಳೆಯ ಒಳಗೇ ಹೀರಿಕೊಂಡೂ ಮೈಗೆ ಒದ್ದೆ ಎನಿಸುವುದಿಲ್ಲ, ಹೀರುವಾಗ ಒಂದಿಷ್ಟು ಕಾವನ್ನೂ ಬಿಡುತ್ತದೆ. ಇಬ್ಬರ ರಾತ್ರಿಯ ಉಸಿರಿನಲ್ಲೇ ಅರ್ಧ ಲೀಟರಿನಷ್ಟು ನೀರಿರುವಾಗ ಇದು ಸಣ್ಣ ಉಪಕಾರವಲ್ಲ. ಬೆಳಗ್ಗೆ ಬಿಸಿಲು ಬಿದ್ದ ಕೂಡಲೇ ಟ್ರಕ್ಕಿನ ಬಾನೆಟ್ ಮೇಲೆ ಹರವಿದರೆ ಒಣಚಳಿಯೇ ಅದನ್ನು ಒಣಗಿಸಿ ಕೊಡುತ್ತದೆ. ಮಾಡಿನ ಕಿಂಡಿಯನ್ನು ಎರಡು ಬೆರಳು ತೆರೆದಿಡುವುದು, ಅಡುಗೆ ಮಾಡುವಾಗ ಫ್ಯಾನ್ ಹಾಕುವುದು, ಮೊನಾಕ್ಸೈಡ್ ಅಲಾರಂನ ಬ್ಯಾಟರಿ ನೋಡುವುದು, ಇವು ನಮ್ಮಲ್ಲಿ ಚರ್ಚೆಗಿಲ್ಲದ ಕಟ್ಟಳೆಗಳು. ಬಿಸಿಯನ್ನು ಹೊರಗೆ ಬಿಡುತ್ತಿದ್ದೀಯಲ್ಲ ಎಂದು ನಮ್ಮನೆಯವರು ಒಂದು ಕಾಲಕ್ಕೆ ಗೊಣಗಿದ್ದುಂಟು. ಹಾಸಿಗೆಯಡಿ ಕೈಯಾಡಿಸಿ ನೋಡಿದ ಮೇಲೆ ಗೊಣಗು ನಿಂತಿದೆ.

ಹೊಸ ಕ್ಯಾಂಪರ್ ಕೊಂಡ ಕನ್ನಡದ ಗೆಳೆಯರು ಫೋನ್ ಮಾಡಿ ಯಾವ ಹೀಟರ್ ಒಳ್ಳೆಯದು ಎಂದು ಕೇಳುತ್ತಾರೆ. ಹೊಗೆ ಎಲ್ಲಿಂದ ಹೋಗುತ್ತದೆ ಎಂದು ನಾನು ಕೇಳುತ್ತೇನೆ. ಸೂಪರ್ ಮಾರ್ಕೆಟಿನಲ್ಲಿ ಪುಟ್ಟ ಸಿಲಿಂಡರಿಗೆ ತಿರುಪಿ ಹಚ್ಚುವ, ಕೊಳವೆಯಿಲ್ಲದ ಹೀಟರು ಇವತ್ತಿಗೂ ಅಗ್ಗಕ್ಕೆ ಸಿಗುತ್ತದೆ. ಎಲ್ಲರೂ ಮೊದಲು ತರುವುದು ಅದನ್ನೇ.

ಕುರಿಬಂಡಿಗಳು ಪೂರ್ತಿಯಾಗಿ ಮ್ಯೂಸಿಯಂ ಸೇರಿಲ್ಲ. ವಯೋಮಿಂಗ್, ಯೂಟಾ, ಕೊಲರಾಡೊದ ಬಯಲುಗಳಲ್ಲಿ ಚಳಿಗಾಲದಲ್ಲಿ ಓಡಾಡಿದರೆ ದೂರದಲ್ಲಿ ಬಿಳಿ ಮಾಡಿನ ಒಂದು ಬಂಡಿ, ಪಕ್ಕದಲ್ಲಿ ಕುದುರೆ, ನಾಯಿ ಈಗಲೂ ಕಾಣುತ್ತವೆ. ಮರದ ಗಾಲಿಯ ಜಾಗಕ್ಕೆ ಟೈರು, ಕ್ಯಾನ್ವಾಸಿನ ಜಾಗಕ್ಕೆ ತಗಡು, ಮೇಲೆ ಸೋಲಾರ್ ಹಲಗೆ. ಒಳಗಿರುವವರಲ್ಲಿ ಹೆಚ್ಚಿನವರು ಪೆರುವಿನಿಂದ ತಾತ್ಕಾಲಿಕ ಕೃಷಿ ವೀಸಾದ ಮೇಲೆ ಬಂದ ಕೂಲಿಯವರು, ಸಂಬಳ ಕಡಿಮೆ, ತಿಂಗಳುಗಟ್ಟಲೆ ಒಂಟಿ. 2015ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆ ಇವರ ಕೂಲಿ, ವಸತಿಗಳ ಬಗ್ಗೆ ಹೊಸ ನಿಯಮ ತಂದಿತು. ಗಾಲಿಯ ವಸತಿಯಲ್ಲಿ ಇಂಧನ ಉರಿಸುವ ಯಾವ ಒಲೆ, ಹೀಟರ್ ಇದ್ದರೂ ಬೆಂಕಿಯ ಅಪಾಯವಾಗದಂತೆ, ವಿಷಾನಿಲ ಸೇರದಂತೆ ಅದರ ಹೊಗೆಗೆ ದಾರಿ ಮಾಡಿರಲೇಬೇಕು ಎಂಬುದು ಅದರಲ್ಲಿ ಒಂದು. ಚಳಿಯಲ್ಲಿ ದುಡಿಯಲು ಬಂದವನ ಬಂಡಿಗೆ ಕಾನೂನು ಇಷ್ಟನ್ನು ಕೇಳುತ್ತದೆ. ಚಳಿಯಲ್ಲಿ ಮಜಾ ಮಾಡಲು ಹೊರಟವನು ತನ್ನ ಲಕ್ಷಾಂತರ ರೂಪಾಯಿಯ ಪೆಟ್ಟಿಗೆಗೆ ಅಷ್ಟನ್ನು ತಾನಾಗಿಯೇ ಕೇಳಿಕೊಳ್ಳಬೇಕು.